ಮುಸ್ಸಂಜೆಯ ಕೆರೆ, ಇಂಪ್ರೆಷನಿಸ್ಟ್ ಶೈಲಿಯಲ್ಲಿ: ಬೋರ್ಡ್ ಸಿದ್ಧ ಮಾಡುವುದರಿಂದ ಚಿತ್ರ ಒಣಗಿಸುವವರೆಗೆ

ಮುಸ್ಸಂಜೆ ಚಿತ್ರ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಆಕಾಶ ಕೆಂಪಾದ ಮೇಲೆ ಬ್ರಷ್ ಹಿಡಿಯುತ್ತೇವೆ. ಟ್ಯೂಬ್ ಹಿಂಡಿ, ಬಣ್ಣ ಕಲಸಿ, ಎಲ್ಲಿಂದ ಶುರು ಮಾಡಲಿ ಎಂದು ನೋಡುವಷ್ಟರಲ್ಲಿ ಕೆಂಪು ಹೋಗಿ ನೇರಳೆ ಬಂದಿರುತ್ತದೆ. ನೇರಳೆ ಹಚ್ಚುವಷ್ಟರಲ್ಲಿ ಕತ್ತಲು. ಮನೆಗೆ ತಂದು ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮೂರು ಹೊತ್ತಿನ ಬೆಳಕು ಒಂದರ ಮೇಲೊಂದು ಬಿದ್ದು ಬೋರ್ಡ್ ಕೆಸರಾಗಿರುತ್ತದೆ. ಕೈ ಚೆನ್ನಾಗಿ ಪಳಗಿದವರಿಗೂ ಹೀಗಾಗುತ್ತದೆ, ಏಕೆಂದರೆ ತಪ್ಪಿರುವುದು ಕೆಲಸದ ಕ್ರಮದಲ್ಲಿ.

ನಾವು ನೋಡಿ ಕಲಿಯುವ ವಿಡಿಯೋಗಳು ಬಹುಪಾಲು ಯುರೋಪು, ಅಮೆರಿಕದವು. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ. ಪ್ಯಾರಿಸ್ ಕಡೆ ಸೂರ್ಯ ಮುಳುಗಿದ ಮೇಲೂ ಕೆಲಸಕ್ಕೆ ಬರುವಷ್ಟು ಬೆಳಕು ಅರ್ಧ ಗಂಟೆಯಿಂದ 40 ನಿಮಿಷ ಉಳಿಯುತ್ತದೆ. ಮೈಸೂರು, ಬೆಂಗಳೂರು ಇರುವುದು 12–13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತಾನೆ, ಅಷ್ಟೇ ಬೆಳಕು 21ರಿಂದ 24 ನಿಮಿಷದಲ್ಲಿ ಮುಗಿಯುತ್ತದೆ. ಅವರ ವೇಳಾಪಟ್ಟಿ ಇಟ್ಟುಕೊಂಡು ಇಲ್ಲಿ ಕೂತರೆ ಅರ್ಧ ಚಿತ್ರವೇ ಗತಿ.

ಹಾಗಾಗಿ ಇಲ್ಲಿ ಹೇಳುವ ಕ್ರಮದ ತಿರುಳು ಇಷ್ಟೇ: ಬದಲಾಗದ್ದನ್ನೆಲ್ಲ ಸೂರ್ಯ ಮುಳುಗುವ ಮೊದಲೇ ಮುಗಿಸಿಕೊಳ್ಳಿ, ಬದಲಾಗುವ ಆಕಾಶಕ್ಕೆ ಮಾತ್ರ ಆ 20 ನಿಮಿಷ ಇಡಿ. ಉದಾಹರಣೆಗೆ ಒಂದು ಕೆರೆಯನ್ನು ತೆಗೆದುಕೊಂಡಿದ್ದೇನೆ. ಈಚೆ ಏರಿ, ನಡುವೆ ನೀರು, ಆಚೆ ದಡದಲ್ಲಿ ಮರ, ಅದರ ಹಿಂದೆ ಗುಡ್ಡ. ಮೈಸೂರಿನ ಕುಕ್ಕರಹಳ್ಳಿ ಕೆರೆಯಾದರೂ ಸರಿ, ನಿಮ್ಮೂರ ಕೆರೆಯಾದರೂ ಸರಿ. ಶೈಲಿ ಇಂಪ್ರೆಷನಿಸ್ಟ್, ಅಂದರೆ ವಿವರ ಬಿಡಿಸುತ್ತಾ ಕೂರದೆ ಆ ಗಳಿಗೆಯ ಬೆಳಕನ್ನು ಬಿಡಿಬಿಡಿ ಬ್ರಷ್ ಹೊಡೆತಗಳಲ್ಲಿ ಹಿಡಿಯುವುದು. ಬಣ್ಣ ಆಯಿಲ್. ಅಕ್ರಿಲಿಕ್ ಬಳಸುವವರು ಎಲ್ಲಿ ಬೇರೆ ರೀತಿ ಮಾಡಬೇಕೋ ಅಲ್ಲಿ ಹೇಳುತ್ತೇನೆ.

1. ಸಾಮಾನು: ಕಡಿಮೆ ಇದ್ದಷ್ಟೂ ವೇಗ

24 ಬಣ್ಣದ ಸೆಟ್ ಬೇಡ. ಎಂಟು ಟ್ಯೂಬ್ ಸಾಕು: ಟೈಟೇನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕಿತ್ತಳೆಗೆಂಪು), ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ಬ್ಲೂ, ವಿರಿಡಿಯನ್ (ನೀಲಿ ಹಸಿರು), ಬರ್ನ್ಟ್ ಸಿಯೆನ್ನಾ (ಕೆಂಗಂದು). ಕಪ್ಪು ಟ್ಯೂಬನ್ನು ಮನೆಯಲ್ಲೇ ಬಿಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಕಲಸಿದರೆ ಬರುವ ಗಾಢ ಬಣ್ಣವೇ ಮುಸ್ಸಂಜೆಗೆ ಬೇಕಾದದ್ದು. ಅದನ್ನು ನೀಲಿಯ ಕಡೆಗೂ ಕಂದಿನ ಕಡೆಗೂ ವಾಲಿಸಬಹುದು. ಟ್ಯೂಬಿನ ಕಪ್ಪು ಹಚ್ಚಿದ ಜಾಗ ಮಾತ್ರ ಉಳಿದ ಬಣ್ಣಗಳ ನಡುವೆ ತೂತು ಬಿದ್ದಂತೆ ಕಾಣುತ್ತದೆ.

ಬ್ರಷ್ ಮೂರು ಅಥವಾ ನಾಲ್ಕು, ಗಡುಸಾದ ಹಂದಿಕೂದಲಿನ, ಚಪ್ಪಟೆ ತುದಿಯ ಫ್ಲ್ಯಾಟ್: 4, 6, 10ನೇ ನಂಬರ್. 10ನೇ ನಂಬರಿನದು ಎರಡಿದ್ದರೆ ಅನುಕೂಲ. ಒಂದನ್ನು ಆಕಾಶಕ್ಕೆ, ಇನ್ನೊಂದನ್ನು ಗಾಢ ಬಣ್ಣಕ್ಕೆ ಮೀಸಲಿಡಿ. ಸಣ್ಣ ರೌಂಡ್ ಬ್ರಷ್ ತೆಗೆದುಕೊಂಡು ಹೋಗಲೇಬೇಡಿ. ಕೈಗೆ ಸಿಕ್ಕರೆ ಎಲೆ ಬರೆಯಲು ಕೂರುತ್ತೀರಿ.

ಉಳಿದದ್ದು: ಬಣ್ಣ ಕಲಸಲು ಪ್ಯಾಲೆಟ್ ನೈಫ್, ಮುಚ್ಚಳವಿರುವ ಡಬ್ಬಿಯಲ್ಲಿ ಆಯಿಲ್ ಬಣ್ಣ ತೆಳುವಾಗಿಸುವ ಟರ್ಪಂಟೈನ್, ಸ್ವಲ್ಪ ಲಿನ್‌ಸೀಡ್ ಎಣ್ಣೆ, ಹಳೆ ಕಾಟನ್ ಬಟ್ಟೆ ಜಾಸ್ತಿಯೇ ಇರಲಿ, ಸ್ಕೆಚ್‌ಗೆ ಚಿಕ್ಕ ಪುಸ್ತಕ ಮತ್ತು 6ಬಿ ಪೆನ್ಸಿಲ್, ಕ್ಲಿಪ್ ಹಾಕುವ ಸಣ್ಣ ಎಲ್‌ಇಡಿ ದೀಪ. ಕೆರೆ ಪಕ್ಕ ಸಂಜೆ ಹೊತ್ತಲ್ವಾ, ಸೊಳ್ಳೆ ಮುಲಾಮು ಮರೆತರೆ ಯಾವ ಹಂತವೂ ಮುಗಿಯುವುದಿಲ್ಲ.

ಅಳತೆ 8×10 ಇಂಚು, ಹೆಚ್ಚೆಂದರೆ 10×12. ಇದಕ್ಕಿಂತ ದೊಡ್ಡದನ್ನು ನಮ್ಮ ಸಂಜೆಯಲ್ಲಿ ತುಂಬಿಸಲು ಆಗುವುದಿಲ್ಲ. ಬಿಗಿದು ಕಟ್ಟಿದ ಕ್ಯಾನ್ವಾಸ್‌ಗಿಂತ ಕ್ಯಾನ್ವಾಸ್ ಬೋರ್ಡ್ ಒಳ್ಳೆಯದು. ಪಶ್ಚಿಮಕ್ಕೆ ಮುಖ ಮಾಡಿ ಕೂತಾಗ ಬಿಸಿಲು ಹಿಂದಿನಿಂದ ಬಟ್ಟೆಯೊಳಗೆ ತೂರಿ ಬರುತ್ತದೆ, ಬಣ್ಣ ಯಾವುದು ಬೆಳಕು ಯಾವುದು ಗೊತ್ತಾಗುವುದಿಲ್ಲ. ಬೋರ್ಡಿಗೆ ಆ ತೊಂದರೆ ಇಲ್ಲ.

2. ಹಿಂದಿನ ದಿನ: ಬೋರ್ಡಿಗೆ ನೆಲಬಣ್ಣ, ಜಾಗಕ್ಕೆ ಒಂದು ಭೇಟಿ

ಬಿಳಿ ಬೋರ್ಡ್ ಮೇಲೆ ಮುಸ್ಸಂಜೆ ಬರೆಯುವುದು ಕಷ್ಟ. ಬಿಳಿಯ ಪಕ್ಕದಲ್ಲಿ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುತ್ತದೆ, ಅದಕ್ಕೆ ಹೆದರಿ ಎಲ್ಲವನ್ನೂ ತಿಳಿ ಮಾಡುತ್ತಾ ಹೋಗುತ್ತೇವೆ. ಕೊನೆಗೆ ಮಧ್ಯಾಹ್ನದ ಚಿತ್ರವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಬರ್ನ್ಟ್ ಸಿಯೆನ್ನಾ ಅಕ್ರಿಲಿಕ್ ಅನ್ನು ನೀರಿನಲ್ಲಿ ತೆಳುವಾಗಿಸಿ ಬೋರ್ಡಿಗೆಲ್ಲ ಬಳಿದು, ಬಟ್ಟೆಯಿಂದ ಒರೆಸಿ. ಹಳೆ ಇಟ್ಟಿಗೆ ಬಣ್ಣದ ತೆಳು ಪದರ ಉಳಿದರೆ ಸಾಕು. ಆಮೇಲೆ ಆಕಾಶದ ನೀಲಿ ಹೊಡೆತಗಳ ಸಂದಿಯಲ್ಲಿ ಈ ಕೆಂಚು ಅಲ್ಲಲ್ಲಿ ಇಣುಕುತ್ತದೆ, ಚಿತ್ರಕ್ಕೆ ಜೀವ ಬರುವುದು ಅಲ್ಲೇ. ಅಕ್ರಿಲಿಕ್ ಮೇಲೆ ಆಯಿಲ್ ಹಚ್ಚಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಮಾತ್ರ ಕೂಡದು, ಎದ್ದು ಬರುತ್ತದೆ.

ಅದೇ ಸಂಜೆ ಬಣ್ಣ ಇಲ್ಲದೆ ಸುಮ್ನೆ ಜಾಗಕ್ಕೆ ಹೋಗಿ ನಿಲ್ಲಿ. ಸೂರ್ಯ ಎಲ್ಲಿ ಇಳಿಯುತ್ತಾನೆ, ಯಾವ ಮರ ಅಡ್ಡ ಬರುತ್ತದೆ, ಬೀದಿದೀಪ ಯಾವಾಗ ಹತ್ತುತ್ತದೆ, ಕೆರೆ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ, ಎಲ್ಲ ನೋಡಿಕೊಳ್ಳಿ. ಮೈಸೂರಿನಲ್ಲಿ ಡಿಸೆಂಬರ್ ನಡುವೆ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ, ಜೂನ್ ಕೊನೆಗೆ 6:50ರ ಮೇಲೆ. ಮಳೆ ನಿಂತ ಮೇಲಿನ ಅಕ್ಟೋಬರ್, ನವೆಂಬರ್‌ನಲ್ಲಿ ಮೋಡವೂ ಇರುತ್ತದೆ, ಗಾಳಿಯೂ ತಿಳಿಯಾಗಿರುತ್ತದೆ. ಕಲಿಯಲು ಅದೇ ಒಳ್ಳೆಯ ಕಾಲ.

ಮೋಡವೇ ಇಲ್ಲದ ದಿನ ಪಶ್ಚಿಮ ಬೇಸರ ತರಿಸಬಹುದು. ಆಗ ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ. ಸೂರ್ಯ ಮುಳುಗಿದ ಕೂಡಲೇ ದಿಗಂತದಿಂದ ಬೂದು ನೀಲಿಯ ಒಂದು ಪಟ್ಟಿ ಮೇಲೇಳುತ್ತದೆ, ಅದರ ತಲೆಯ ಮೇಲೆ ಗುಲಾಬಿ ಪಟ್ಟಿ. ಕೆಳಗಿನದು ಭೂಮಿಯದೇ ನೆರಳು. ಮೃದುವಾದ ಬಣ್ಣ ಇಷ್ಟಪಡುವವರಿಗೆ ಇದಕ್ಕಿಂತ ಚೆಂದದ ವಿಷಯ ಇಲ್ಲ, ಆದರೂ ಯಾಕೋ ಯಾರೂ ಆ ಕಡೆ ತಿರುಗುವುದೇ ಇಲ್ಲ.

3. ಸೂರ್ಯ ಮುಳುಗಲು ಒಂದು ಗಂಟೆ: ಮೊದಲು ಪೆನ್ಸಿಲ್

ಟೋನ್ ಅಂದರೆ ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು. ಮುಸ್ಸಂಜೆ ಚಿತ್ರ ನಿಲ್ಲುವುದು ಇದರ ಮೇಲೆ. ಬಣ್ಣ ಸ್ವಲ್ಪ ಆಚೀಚೆ ಆದರೂ ಟೋನ್ ಸರಿಯಿದ್ದರೆ ನೋಡುವವರಿಗೆ ಸಂಜೆ ಅನ್ನಿಸುತ್ತದೆ. ಟೋನ್ ತಪ್ಪಿದರೆ ಎಷ್ಟು ಕಿತ್ತಳೆ ಸುರಿದರೂ ಅನ್ನಿಸುವುದಿಲ್ಲ.

ಬೆಂಕಿಪೊಟ್ಟಣದ ಅಳತೆಯ ನಾಲ್ಕು ಚೌಕ ಹಾಕಿ. ಕಣ್ಣು ಅರೆಮುಚ್ಚಿ ನೋಡಿ. ಎಲೆ, ಅಲೆ, ಹುಲ್ಲು ಎಲ್ಲ ಕರಗಿ ನಾಲ್ಕೈದು ದೊಡ್ಡ ಆಕಾರ ಉಳಿಯುತ್ತದೆ: ಆಕಾಶ, ಗುಡ್ಡ, ಮರದ ಸಾಲು, ನೀರು, ಏರಿ. ಪ್ರತಿಯೊಂದಕ್ಕೂ ಒಂದೇ ಛಾಯೆ ತುಂಬಿ. ಬಿಳಿಗೆ 1, ಕಪ್ಪಿಗೆ 10 ಎಂದು ಲೆಕ್ಕ ಇಟ್ಟುಕೊಂಡರೆ ದಿಗಂತದ ಆಕಾಶ 3, ಮೇಲಿನ ಆಕಾಶ 5, ನೀರು 4ರಿಂದ 6, ದೂರದ ಗುಡ್ಡ 6, ಮರದ ಸಾಲು 8 ಆಸುಪಾಸು ಬರುತ್ತದೆ. 1 ಮತ್ತು 10 ಎಲ್ಲೂ ಬರಬಾರದು. ಈ ಅಂಕಿಗಳನ್ನು ಸ್ಕೆಚ್ ಮೇಲೆಯೇ ಬರೆದಿಡಿ, ಕತ್ತಲಾದ ಮೇಲೆ ಇದೊಂದೇ ಆಧಾರ.

ದಿಗಂತ ರೇಖೆಯನ್ನು ನಟ್ಟನಡುವೆ ಇಡಬೇಡಿ. ಮೋಡ ಚೆನ್ನಾಗಿದ್ದರೆ ರೇಖೆ ಕೆಳಗೆ ಹೋಗಲಿ, ನೀರು ಚೆನ್ನಾಗಿದ್ದರೆ ಮೇಲೆ. ಎರಡೂ ಚೆನ್ನಾಗಿದ್ದರೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಿ.

4. ಮುಕ್ಕಾಲು ಗಂಟೆ: ಬಣ್ಣ ಕಲಸಿಟ್ಟುಕೊಳ್ಳಿ

ಬಹಳ ಜನ ಹಾರಿಸುವ ಹಂತ ಇದು. ಇಡೀ ಚಿತ್ರ ಕೆಡುವುದೂ ಇಲ್ಲೇ.

ಬೆಳಕು ಕಡಿಮೆಯಾಗುತ್ತಾ ಹೋದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಇನ್ನೂ ತಿಳಿಯಾಗಿ ಕಾಣುತ್ತಿರುತ್ತವೆ. ಪುರ್ಕಿಂಜೆ ಪರಿಣಾಮ ಎನ್ನುತ್ತಾರೆ ಇದಕ್ಕೆ. ಕೆಂಪು ಹೂವಿನ ಗಿಡದ ಮುಂದೆ ಸಂಜೆ ಅರ್ಧ ಗಂಟೆ ಕೂತು ನೋಡಿ, ಹೂವು ಮಂಕಾಗಿ ಎಲೆ ಎದ್ದು ಕಾಣುವ ಗಳಿಗೆ ಬರುತ್ತದೆ. ಪ್ಯಾಲೆಟ್ ಮೇಲೂ ಅದೇ ಆಗುತ್ತದೆ. ಕೆಂಪು ಸಾಲದು ಅನ್ನಿಸಿ ಇನ್ನಷ್ಟು ವರ್ಮಿಲಿಯನ್ ಸುರಿಯುತ್ತೀರಿ. ಮನೆಯ ಬೆಳಕಿನಲ್ಲಿ ಅದು ಅರಚುತ್ತದೆ. ಆದ್ದರಿಂದ ಒಳ್ಳೆಯ ಬೆಳಕು ಇರುವಾಗಲೇ ಮುಖ್ಯ ಬಣ್ಣಗಳನ್ನೆಲ್ಲ ನೈಫ್‌ನಲ್ಲಿ ಕಲಸಿ ಗುಡ್ಡೆ ಮಾಡಿಡಬೇಕು.

ಆರು ಗುಡ್ಡೆ ಬೇಕು.

ದಿಗಂತದ ಬೆಳಕಿಗೆ ಒಂದು ಚಮಚ ಬಿಳಿ, ಕಾಲು ಚಮಚ ಲೆಮನ್ ಯೆಲ್ಲೋ, ನೈಫ್ ತುದಿಯಷ್ಟು ವರ್ಮಿಲಿಯನ್. ಕೆಂಪನ್ನು ಚೂರುಚೂರೇ ಸೇರಿಸಿ, ಅದು ಬಹಳ ಬೇಗ ಆವರಿಸುತ್ತದೆ.

ನಡು ಆಕಾಶಕ್ಕೆ ಬಿಳಿ, ಒಂದು ತುದಿ ಕ್ರಿಮ್ಸನ್, ಅಷ್ಟೇ ಓಕರ್. ಧೂಳು ಹಿಡಿದ ಗುಲಾಬಿ ಬರಬೇಕು. ಈ ಗುಡ್ಡೆ ನೋಡಲು ಸಪ್ಪೆ, ಆದರೆ ಮುಂದೆ ಹೆಚ್ಚು ಖರ್ಚಾಗುವುದು ಇದೇ. ಎರಡು ಪಾಲು ಕಲಸಿಡಿ.

ಮೇಲಿನ ಆಕಾಶಕ್ಕೆ ಬಿಳಿ, ಅಲ್ಟ್ರಾಮರೀನ್, ಚೂರು ಕ್ರಿಮ್ಸನ್, ಅದರ ಹೊಳಪು ಇಳಿಸಲು ಚೂರು ಬರ್ನ್ಟ್ ಸಿಯೆನ್ನಾ. ಗುಡ್ಡಕ್ಕೆ ಇದೇ ಬಣ್ಣವನ್ನು ಬಿಳಿ ಕಡಿಮೆ ಮಾಡಿ ಗಾಢ ಮಾಡಿದರಾಯಿತು. ಮರಕ್ಕೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ಸ್ವಲ್ಪ ವಿರಿಡಿಯನ್. ಏರಿಗೆ ಓಕರ್ ಮತ್ತು ಆಕಾಶದ ನೀಲಿ ಸಮಸಮ.

ಈಗ ಆರನ್ನೂ ಸಾಲಾಗಿ ಜೋಡಿಸಿ ಫೋನಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ತೆಗೆಯಿರಿ. ಸ್ಕೆಚ್‌ನ ಅಂಕಿಗೆ ಹೊಂದುತ್ತಿವೆಯೇ ನೋಡಿ. ಗುಡ್ಡ ಮತ್ತು ಮೇಲಿನ ಆಕಾಶ ಫೋಟೋದಲ್ಲಿ ಒಂದೇ ತರಹ ಕಂಡರೆ ಈಗಲೇ ಸರಿಪಡಿಸಿ, ಆಮೇಲೆ ಸಮಯ ಇರುವುದಿಲ್ಲ.

ಅಕ್ರಿಲಿಕ್‌ನವರು ಗಮನಿಸಿ: ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಕಲಸಿ. ಗುಡ್ಡೆಗಳ ಮೇಲೆ ನೀರು ಸ್ಪ್ರೇ ಮಾಡುತ್ತಿರಿ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಇದ್ದರೆ ಸೇರಿಸಿ.

5. ಅರ್ಧ ಗಂಟೆ: ಗಾಢ ಆಕಾರಗಳು, ತೆಳುವಾಗಿ

ಸೂರ್ಯನಿಗೆ ಎದುರಾಗಿ ಕೂತಾಗ ಆಚೆ ದಡದ ಮರಗಳು ಆಗಲೇ ಕಪ್ಪು ಆಕಾರಗಳಾಗಿರುತ್ತವೆ. ಮುಂದಿನ ಒಂದು ಗಂಟೆಯಲ್ಲಿ ಅವುಗಳ ಅಂಚು ಬದಲಾಗುವುದಿಲ್ಲ. ಹಾಗಾಗಿ ಅವನ್ನೇ ಮೊದಲು ಹಾಕಿ. ಬಣ್ಣಕ್ಕೆ ಟರ್ಪಂಟೈನ್ ಮಾತ್ರ ಸೇರಿಸಿ, ಎಣ್ಣೆ ಬೇಡ. ಮೊದಲ ಪದರ ಮಜ್ಜಿಗೆಯಷ್ಟು ತೆಳು, ಮೇಲೆ ಬರುವುದು ಬೆಣ್ಣೆಯಷ್ಟು ದಪ್ಪ. ಇದು ತಿರುಗುಮುರುಗಾದರೆ ಮೇಲಿನ ಪದರ ಮೊದಲು ಒಣಗಿ ಮುಂದೆ ಬಿರುಕು ಬಿಡುತ್ತದೆ.

ತೆಂಗಿನ ಮರ ಇದ್ದರೆ ಗರಿಗರಿಯಾಗಿ ಬಿಡಿಸಬೇಡಿ. ತಲೆಯನ್ನು ಒಂದು ಒರಟು ಗುಂಪಾಗಿ ಹಾಕಿ. ಆಮೇಲೆ ಆಕಾಶದ ಬಣ್ಣದಿಂದ ಅದರೊಳಗೆ ನಾಲ್ಕು ಸಂದಿ ಕೊರೆದರೆ ಗರಿ ತಾನಾಗಿ ಕಾಣುತ್ತದೆ.

6. ಸೂರ್ಯ ಮುಳುಗುವ ಹೊತ್ತು: ಆಕಾಶ

ಮೊದಲು ಒಂದು ಗಳಿಗೆಯನ್ನು ಆರಿಸಿ. ಸೂರ್ಯ ರೇಖೆ ಮುಟ್ಟಿದ ಕ್ಷಣವೋ, ಮುಳುಗಿದ ಹತ್ತು ನಿಮಿಷದ ಮೇಲಿನದೋ. ಆ ಗಳಿಗೆ ಬಂದಾಗ ಫೋನಿನಲ್ಲಿ ಎರಡು ಫೋಟೋ ತೆಗೆದಿಟ್ಟುಕೊಳ್ಳಿ. ಒಂದರಲ್ಲಿ ಆಕಾಶವನ್ನು ಮುಟ್ಟಿ ಬೆಳಕು ಇಳಿಸಿ, ಇನ್ನೊಂದರಲ್ಲಿ ಏರಿಯನ್ನು ಮುಟ್ಟಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಫೋನ್ ಕಿತ್ತಳೆಯನ್ನೇ ತೊಳೆದುಬಿಡುತ್ತದೆ, ಡೇಲೈಟ್‌ಗೆ ಹಾಕಿ.

ಆಮೇಲೆ ಆಕಾಶ ಎಷ್ಟೇ ಚೆಂದವಾಗಿ ಬದಲಾದರೂ ಈ ಬೋರ್ಡನ್ನು ಮುಟ್ಟಬೇಡಿ. ಎತ್ತರದ ಮೋಡ ಇದ್ದರೆ ಸೂರ್ಯ ಮುಳುಗಿ 10–15 ನಿಮಿಷವಾದ ಮೇಲೂ ಮತ್ತೆ ಕೆಂಪೇರುತ್ತದೆ, ಅದು ಇನ್ನೊಂದು ಚಿತ್ರ. 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಬರೆಯುವಾಗ ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ಕ್ಲೋದ್ ಮೊನೆ ಮಾಡಿದ್ದೂ ಇದನ್ನೇ: ಬೆಳಕು ಬದಲಾದಂತೆ ಒಂದು ಕ್ಯಾನ್ವಾಸ್ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ನೀವೂ ಎರಡನೇ ಬೋರ್ಡ್ ಒಯ್ಯಿರಿ.

ದಿಗಂತದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಹಳದಿ ಬೆಳಕು, ಅದರ ಮೇಲೆ ಗುಲಾಬಿ, ಆಮೇಲೆ ನೀಲಿ. ಹಳದಿಗೂ ನೀಲಿಗೂ ನೇರ ಸಂಪರ್ಕ ಆಗಬಾರದು. ತಾಕಿದರೆ ಪಾಚಿ ಹಸಿರು ಬರುತ್ತದೆ. ಕಿತ್ತಳೆ ಮತ್ತು ನೀಲಿ ಬೆರೆತರೆ ಬೂದಿ. ಸಪ್ಪೆ ಗುಲಾಬಿ ಎರಡು ಪಾಲು ಕಲಸಿದ್ದು ಈ ನಡುವಿನ ಜಾಗಕ್ಕೇ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಟರ್ಪಂಟೈನ್‌ನಲ್ಲಿ ಪ್ರತಿಸಲ ಅದ್ದಬೇಡಿ. ಒದ್ದೆ ಬ್ರಷ್ ಕೆಳಗಿನ ಬಣ್ಣವನ್ನು ಎಬ್ಬಿಸುತ್ತದೆ.

ಒಂದು ಹೊಡೆತ ಇಡಿ, ಬ್ರಷ್ ಎತ್ತಿ, ಮುಂದಿನದಕ್ಕೆ ಹೋಗಿ. ಇಟ್ಟದ್ದನ್ನು ನಯ ಮಾಡಲು ಹೋದರೆ ಇಂಪ್ರೆಷನಿಸ್ಟ್ ಗುಣ ಅಲ್ಲೇ ಸತ್ತಿತು. ನೀಲಿ ಭಾಗದಲ್ಲಿ ಹತ್ತು ಹೊಡೆತಕ್ಕೆ ಎರಡು ಗುಲಾಬಿಯವು ಇರಲಿ, ಗುಲಾಬಿ ಭಾಗದಲ್ಲಿ ಒಂದೆರಡು ನೀಲಿಯವು. ಪ್ಯಾಲೆಟ್ ಮೇಲೆ ಬೆರೆಸದೆ ಪಕ್ಕಪಕ್ಕ ಇಟ್ಟರೆ ನಾಲ್ಕು ಹೆಜ್ಜೆ ದೂರದಿಂದ ಕಣ್ಣೇ ಬೆರೆಸಿಕೊಳ್ಳುತ್ತದೆ, ಆಕಾಶ ಮಿಡಿಯುತ್ತದೆ. ಟೋನ್ ಒಂದೇ ಇರಬೇಕು, ಅಷ್ಟೇ ಷರತ್ತು. ಗುಲಾಬಿ ಹೊಡೆತ ನೀಲಿಗಿಂತ ತಿಳಿಯಾದರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಸೂರ್ಯ ಚಿತ್ರದಲ್ಲಿ ಇದ್ದರೆ ಅವನಿಗೆ ಬಿಳಿ ಸುರಿಯಬೇಡಿ. ಬಿಳಿ ಹೆಚ್ಚಾದಷ್ಟೂ ಕಿತ್ತಳೆಯ ಕಾವು ಇಳಿಯುತ್ತದೆ. ಮೊನೆ 1872ರಲ್ಲಿ ಫ್ರಾನ್ಸಿನ ಲ ಆವ್ರ್ ಬಂದರಿನ ಬೆಳಗನ್ನು ಬರೆದ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ನೋಡಿದರೆ ಸೂರ್ಯ ಹೆಚ್ಚುಕಮ್ಮಿ ಮಾಯವಾಗುತ್ತಾನೆ, ಸುತ್ತಲಿನ ಬೂದು ಆಕಾಶದ ಟೋನಿನಲ್ಲೇ ಇದ್ದಾನೆ. ಆದರೂ ಬಣ್ಣದಲ್ಲಿ ಉರಿಯುತ್ತಾನೆ, ಏಕೆಂದರೆ ಸುತ್ತಲೂ ತಣ್ಣನೆ ಬೂದು ನೀಲಿ, ನಡುವೆ ಶುದ್ಧ ಕಿತ್ತಳೆ. ಅದೇ ದಾರಿ ಹಿಡಿಯಿರಿ. ಇನ್ನೊಂದು ಮಾತು, ಸೂರ್ಯನನ್ನೇ ದಿಟ್ಟಿಸಬೇಡಿ. ಕಣ್ಣಿಗೆ ಹಾನಿ, ಜೊತೆಗೆ ಕಣ್ಣಲ್ಲಿ ಉಳಿಯುವ ಹಸಿರು ಚುಕ್ಕೆ ಐದು ನಿಮಿಷ ಬಣ್ಣ ನೋಡಲು ಬಿಡುವುದಿಲ್ಲ.

7. ನೀರು: ಆಕಾಶ ಒಣಗುವ ಮೊದಲೇ

ನೀರಿಗೆ ಬೇರೆ ಬಣ್ಣ ಕಲಸಬೇಕಿಲ್ಲ. ಆಕಾಶದ ಗುಡ್ಡೆಗಳನ್ನೇ ತೆಗೆದು ಸ್ವಲ್ಪ ಗಾಢ ಮಾಡಿ, ತಲೆಕೆಳಗಾಗಿ ಹಾಕಿ: ದಿಗಂತದ ಹಳದಿ ಆಚೆ ದಡದ ಹತ್ತಿರ, ಮೇಲಿನ ನೀಲಿ ನಿಮ್ಮ ಕಾಲ ಬಳಿ. ತಿಳಿಯಾದದ್ದು ನೀರಿನಲ್ಲಿ ಒಂದು ಛಾಯೆ ಗಾಢವಾಗುತ್ತದೆ, ಗಾಢವಾದದ್ದು ಒಂದು ಛಾಯೆ ತಿಳಿಯಾಗುತ್ತದೆ. ಮರದ ಬಿಂಬ ಮರಕ್ಕಿಂತ ಕಪ್ಪಾದರೆ ಅದು ನೀರಾಗಿ ಕಾಣುವುದಿಲ್ಲ, ಗುಂಡಿಯಾಗಿ ಕಾಣುತ್ತದೆ.

ಬಿಂಬದ ಹೊಡೆತಗಳೆಲ್ಲ ಮೇಲಿನಿಂದ ಕೆಳಕ್ಕೆ. ಎಲ್ಲ ಮುಗಿದ ಮೇಲೆ ಅಡ್ಡಕ್ಕೆ ನಾಲ್ಕೈದು ಹೊಡೆತ, ಅಷ್ಟೇ. ಇಡೀ ಕೆರೆಗೆ ಅಡ್ಡ ಗೆರೆ ಎಳೆದರೆ ತಗಡಿನ ಛಾವಣಿಯಾಗುತ್ತದೆ.

8. ಅಂಚುಗಳು

ಮರಗಳು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿವೆಯೇ? ಎಲ್ಲ ಅಂಚೂ ಒಂದೇ ಸಮ ಚೂಪಾಗಿದ್ದರೆ ಹಾಗಾಗುತ್ತದೆ. ಹೊಳೆಯುವ ಆಕಾಶದ ಮುಂದೆ ತೆಳು ಕೊಂಬೆಯನ್ನು ಹತ್ತಿರದಿಂದ ಗಮನಿಸಿ. ಅದು ಕಾಂಡದಷ್ಟು ಕಪ್ಪಿರುವುದಿಲ್ಲ, ಬೆಳಕು ಎರಡೂ ಕಡೆಯಿಂದ ಅದನ್ನು ತಿಂದು ಕೆಂಗಂದು ಮಾಡಿರುತ್ತದೆ. ಹಾಗೆಯೇ ಬರೆಯಿರಿ: ಕಾಂಡದ ಬುಡ ಗಾಢ ನೀಲಿ ಕಪ್ಪು, ತುದಿಗೆ ಹೋದಂತೆ ಬರ್ನ್ಟ್ ಸಿಯೆನ್ನಾ ಹೆಚ್ಚು. ಮರದ ಮೇಲಂಚಿನ ಒಂದೆರಡು ಕಡೆ ಒಣ ಬ್ರಷ್ಷಿನಿಂದ ಆಕಾಶವನ್ನು ಮರದೊಳಕ್ಕೂ ಮರವನ್ನು ಆಕಾಶದೊಳಕ್ಕೂ ಎಳೆಯಿರಿ. ಬೆಳಕು ಹೆಚ್ಚಿರುವ ಒಂದೇ ಒಂದು ಜಾಗದಲ್ಲಿ ಅಂಚು ಚೂಪಾಗಿರಲಿ, ಕಣ್ಣು ಹೋಗಿ ನಿಲ್ಲುವುದು ಅಲ್ಲಿಗೆ.

9. ಕತ್ತಲು: ದೀಪ ಹಚ್ಚಿ ಮುಂದುವರಿಸಬೇಕೇ?

ನನ್ನ ಅಭಿಪ್ರಾಯದಲ್ಲಿ ಮೊದಮೊದಲು ಬೇಡ. ಸೂರ್ಯ ಮುಳುಗಿ 20 ನಿಮಿಷಕ್ಕೆ ಬ್ರಷ್ ಕೆಳಗಿಡಿ. ದೀಪ ಹಚ್ಚುವುದೇ ಆದರೆ ಕ್ಲಿಪ್ ದೀಪ ಬೋರ್ಡಿಗೂ ಪ್ಯಾಲೆಟ್ಟಿಗೂ ಸಮನಾಗಿ ಬೀಳಬೇಕು, ಬೆಳಕು ಮಂದವಾಗಿರಬೇಕು, ಬಣ್ಣ ಹಗಲಿನ ಬಿಳಿಗೆ ಹತ್ತಿರವಿರಬೇಕು. ಜಾಸ್ತಿ ಪ್ರಖರವಾದರೆ ಬಣ್ಣ ತಿಳಿಯಾಗಿ ಕಂಡು ನೀವು ಗಾಢ ಮಾಡುತ್ತೀರಿ, ಚಿತ್ರ ಮನೆಯಲ್ಲಿ ಮಸಿಯಾಗುತ್ತದೆ. ಹಳದಿ ದೀಪದಲ್ಲಿ ಬಿಳಿಗೂ ತಿಳಿ ಹಳದಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಫೋನ್ ಟಾರ್ಚ್ ಬೇಡವೇ ಬೇಡ, ಅದನ್ನು ಹಚ್ಚಿದ ಮೇಲೆ ಆಕಾಶ ನೋಡಿದರೆ ಬರೀ ಕಪ್ಪು.

10. ಮರುದಿನ ಬೆಳಗ್ಗೆ

ಕಿಟಕಿ ಬೆಳಕಿನಲ್ಲಿ ಚಿತ್ರ ಇಟ್ಟು ನಾಲ್ಕು ಹೆಜ್ಜೆ ದೂರ ನಿಲ್ಲಿ. ಸುಣ್ಣ ಬಳಿದಂತೆ ಕಂಡರೆ ಬಿಳಿ ಹೆಚ್ಚಾಗಿದೆ. ಬಿಳಿ ಇಲ್ಲದ ಓಕರ್ ಅಥವಾ ವರ್ಮಿಲಿಯನ್ ಹೊಡೆತಗಳನ್ನು ಅಲ್ಲಲ್ಲಿ ಇಡಿ. ಕೆಸರಾಗಿದ್ದರೆ ಅದರ ಮೇಲೆ ಬಣ್ಣ ಹಾಕಿ ಉಳಿಸಲು ಹೋಗಬೇಡಿ, ನೈಫ್‌ನಿಂದ ಆ ಭಾಗ ಕೆರೆದು ತೆಗೆದು ಕಲಸಿಟ್ಟ ಗುಡ್ಡೆಯಿಂದಲೇ ಮತ್ತೆ ಹಾಕಿ. ಆಕಾಶ ಪಟ್ಟೆಪಟ್ಟೆಯಾಗಿದ್ದರೆ ಗಡಿಯಲ್ಲಿ ಓರೆ ಹೊಡೆತ ಕೆಲವು ಸಾಕು. ಹತ್ತು ನಿಮಿಷದ ತಿದ್ದುಪಡಿ ದಾಟಿದರೆ ಎದುರಿಗಿದ್ದ ಸಂಜೆ ಹೋಗಿ ನೆನಪಿನ ಸಂಜೆ ಬರಲು ಶುರುವಾಗುತ್ತದೆ, ಅಲ್ಲಿ ನಿಲ್ಲಿಸಿ.

ಲಿನ್‌ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಬಳಸಿದ ಟರ್ಪಂಟೈನನ್ನು ಕೆರೆಗೂ ಸಿಂಕಿಗೂ ಚೆಲ್ಲಬಾರದು. ಮುಚ್ಚಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. ಚಿತ್ರವನ್ನು ಗಾಳಿಯಾಡುವ ಕಡೆ, ಬಿಸಿಲು ನೇರ ಬೀಳದ ಹಾಗೆ ಇಡಿ. ಮಳೆಗಾಲದಲ್ಲಿ ಒಣಗಲು ಹೆಚ್ಚು ದಿನ ಹಿಡಿಯುತ್ತದೆ, ದಪ್ಪ ಬಿಳಿ ಇರುವ ಜಾಗ ಕೊನೆಗೆ ಒಣಗುತ್ತದೆ. ವಾರ್ನಿಷ್ ಹಚ್ಚುವವರು ಆರು ತಿಂಗಳಾದರೂ ಕಾಯಿರಿ. ಬೆರಳಿಗೆ ಒಣಗಿದಂತೆ ಸಿಕ್ಕರೂ ಒಳಪದರ ಇನ್ನೂ ಹಸಿಯಾಗಿರುತ್ತದೆ.